ಕನ್ನಡದಲ್ಲಿ ಬಹುಸಂಸ್ಕೃತಿಯ ಮಕ್ಕಳ ಸಾಹಿತ್ಯ

ಬಹುಸಂಸ್ಕೃತಿಯ ಮಕ್ಕಳ ಸಾಹಿತ್ಯ ಎಂದರೆ ಬೇರೆ ಬೇರೆ ಭಾಷೆ, ಜನಾಂಗ, ಧರ್ಮ ಮತ್ತು ಜೀವನಕ್ರಮಗಳಿಗೆ ಸೇರಿದ ಜನರ ಬದುಕನ್ನೂ ಅವರ ಕಥನಪರಂಪರೆಗಳನ್ನೂ ಮಕ್ಕಳ ಓದಿಗೆ ಒದಗಿಸುವ ಸಾಹಿತ್ಯ. ಕನ್ನಡದಲ್ಲಿ ಈ ಹೆಸರು ಇತ್ತೀಚಿನದು, ಆದರೆ ಹೆಸರು ಸೂಚಿಸುವ ವಸ್ತು ಬಹಳ ಹಳೆಯದು. ಕನ್ನಡ ಮಕ್ಕಳು ಶತಮಾನಗಳಿಂದ ಕೇಳುತ್ತ ಬಂದಿರುವ ಕಥೆಗಳಲ್ಲಿ ಅನೇಕವು ಒಂದು ನಾಡಿಗೆ ಮಾತ್ರ ಸೇರಿದವಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನಗಳು ದೊರೆಯುತ್ತವೆ. ಶೃಂಗೇರಿಯ ಹೆಸರಿನಲ್ಲಿಯೇ ಅಡಗಿರುವ ಋಷ್ಯಶೃಂಗನ ಕಥೆ ಜಪಾನಿನವರೆಗೆ ಸಂಚರಿಸಿದೆ. ಕೊಪ್ಪ ತಾಲ್ಲೂಕಿನಲ್ಲಿ ಜನಿಸಿದ ಕುವೆಂಪು ಅವರು ಜರ್ಮನಿಯ ಐತಿಹ್ಯವೊಂದನ್ನು ತುಂಗಾತೀರದ ಕಥೆಯಾಗಿ ಮಾರ್ಪಡಿಸಿದ್ದಾರೆ. ದೂರದ ಕಥೆಗಳನ್ನು ತನ್ನದಾಗಿಸಿಕೊಳ್ಳುವುದರಲ್ಲಿ ಕನ್ನಡ ತೋರಿದ ಔದಾರ್ಯವು ತನ್ನ ಮಗ್ಗುಲಲ್ಲೇ ಇರುವ ಸಣ್ಣ ಭಾಷೆಗಳ ಮಕ್ಕಳ ವಿಷಯದಲ್ಲಿ ಅಷ್ಟಾಗಿ ಕಂಡುಬರುವುದಿಲ್ಲ. ಈ ಅಂತರವೇ ಈ ಕ್ಷೇತ್ರದ ಮುಖ್ಯ ಪ್ರಶ್ನೆಯಾಗಿದೆ.

ಪರಿಕಲ್ಪನೆಯ ಹಿನ್ನೆಲೆ

ಮಕ್ಕಳಿಗಾಗಿಯೇ ಪುಸ್ತಕಗಳನ್ನು ಬರೆಯುವ ರೂಢಿ ಯೂರೋಪಿನಲ್ಲಿ 17 ಮತ್ತು 18ನೆಯ ಶತಮಾನಗಳಲ್ಲಿ ಬಲಗೊಂಡಿತು. ಕೊಮೀನಿಯಸ್‌ನ ಸಚಿತ್ರ ಪಠ್ಯವು 1658ರಲ್ಲಿ ಪ್ರಕಟವಾಯಿತು. ಲಂಡನ್ನಿನ ಜಾನ್ ನ್ಯೂಬೆರಿ 1744ರಲ್ಲಿ ಮಕ್ಕಳ ವಿನೋದಕ್ಕಾಗಿ ಪುಸ್ತಕ ಹೊರತಂದನು. ಎರಡನೆಯ ಮಹಾಯುದ್ಧದ ನಂತರ ಯೆಲ್ಲಾ ಲೆಪ್‌ಮನ್ ಎಂಬ ಲೇಖಕಿ 1949ರಲ್ಲಿ ಮ್ಯೂನಿಕ್‌ನಲ್ಲಿ ಅಂತಾರಾಷ್ಟ್ರೀಯ ಯುವಜನ ಗ್ರಂಥಾಲಯವನ್ನು ಸ್ಥಾಪಿಸಿದರು. ಯುದ್ಧದಲ್ಲಿ ಶತ್ರುಗಳಾಗಿದ್ದ ದೇಶಗಳ ಮಕ್ಕಳು ಪರಸ್ಪರರ ಕಥೆಗಳನ್ನು ಓದಬೇಕೆಂಬುದು ಅವರ ಆಶಯವಾಗಿತ್ತು.

ಅಮೆರಿಕದಲ್ಲಿ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದಿತು. ನ್ಯಾನ್ಸಿ ಲ್ಯಾರಿಕ್ 1965ರ ಲೇಖನವೊಂದರಲ್ಲಿ, ಹಿಂದಿನ ಮೂರು ವರ್ಷಗಳಲ್ಲಿ ಪ್ರಕಟವಾದ ಐದು ಸಾವಿರಕ್ಕೂ ಹೆಚ್ಚು ಮಕ್ಕಳ ಪುಸ್ತಕಗಳನ್ನು ಪರಿಶೀಲಿಸಿದರು. ಕಪ್ಪು ಜನರು ಕಾಣಿಸಿಕೊಳ್ಳುವ ಪುಸ್ತಕಗಳು ಅವುಗಳಲ್ಲಿ ಕೇವಲ ಶೇ. 6.7ರಷ್ಟಿದ್ದವು ಎಂದು ಅವರು ತೋರಿಸಿಕೊಟ್ಟರು. 1990ರಲ್ಲಿ ರುಡೀನ್ ಸಿಮ್ಸ್ ಬಿಷಪ್ ಅವರು ಪುಸ್ತಕವನ್ನು ಕನ್ನಡಿಗೂ ಕಿಟಕಿಗೂ ಹೋಲಿಸಿದರು. ಮಗು ಪುಸ್ತಕದಲ್ಲಿ ತನ್ನ ಮುಖವನ್ನೂ ಕಾಣಬೇಕು, ಇತರರ ಲೋಕವನ್ನೂ ನೋಡಬೇಕು ಎಂಬುದು ಆ ಹೋಲಿಕೆಯ ತಾತ್ಪರ್ಯ. ಇಂದಿನ ಚರ್ಚೆಯ ಪರಿಭಾಷೆ ಬಹುಮಟ್ಟಿಗೆ ಇಲ್ಲಿಂದಲೇ ಬಂದಿದೆ. ಕನ್ನಡದ ಸಂದರ್ಭದಲ್ಲಿ ಕಿಟಕಿಗಳಿಗೆ ಎಂದೂ ಬರವಿರಲಿಲ್ಲ, ಕೊರತೆ ಇದ್ದದ್ದು ಕನ್ನಡಿಗಳಿಗೆ.

ಮೂರು ತಾಲ್ಲೂಕುಗಳ ಪರಿಸರ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರಗಳು ಪಶ್ಚಿಮಘಟ್ಟದ ಅಂಚಿನ ಮಲೆನಾಡು ತಾಲ್ಲೂಕುಗಳು. ಶೃಂಗೇರಿಯಲ್ಲಿ ಶಂಕರಾಚಾರ್ಯರ ಪರಂಪರೆಯ ಶಾರದಾಪೀಠವಿದೆ. ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ ವೀರಶೈವರ ರಂಭಾಪುರಿ ಪೀಠವಿದೆ. ಅದೇ ತಾಲ್ಲೂಕಿನ ಸಿಂಹನಗದ್ದೆಯಲ್ಲಿ ಜೈನಮಠವೂ ಜ್ವಾಲಾಮಾಲಿನಿಯ ಬಸದಿಯೂ ಇವೆ. ನರಸಿಂಹರಾಜಪುರಕ್ಕೆ ಹಿಂದೆ ಎಡೇಹಳ್ಳಿ ಎಂಬ ಹೆಸರಿತ್ತು; ಈಗಿನ ಹೆಸರು ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಗೌರವಾರ್ಥವಾಗಿ ಬಂದುದು.

ಇಲ್ಲಿನ ಮನೆಮಾತುಗಳು ಹಲವು. ಕನ್ನಡದ ಜೊತೆಗೆ, ಘಟ್ಟದ ಕೆಳಗಿನಿಂದ ಅಡಕೆ ಮತ್ತು ಕಾಫಿ ತೋಟಗಳ ಕೆಲಸಕ್ಕೆ ಬಂದು ನೆಲೆನಿಂತವರ ತುಳು, ವ್ಯಾಪಾರಕ್ಕೆ ಬಂದವರ ಕೊಂಕಣಿ ಮತ್ತು ಬ್ಯಾರಿ, ಪೇಟೆಗಳ ಉರ್ದು, ತೋಟದ ಲೈನುಗಳ ತಮಿಳು ಇವೆ. ಕೇರಳದಿಂದ ಬಂದು ಕೃಷಿಯಲ್ಲಿ ತೊಡಗಿದ ಕುಟುಂಬಗಳ ಮಲಯಾಳವೂ ನರಸಿಂಹರಾಜಪುರದ ಕಡೆ ಕೇಳಿಬರುತ್ತದೆ. ಹಸಲರು, ಮಲೆಕುಡಿಯರು ಮುಂತಾದ ಸಮುದಾಯಗಳಿಗೆ ಕಾಡಿನೊಂದಿಗೆ ಬೆಸೆದುಕೊಂಡ ತಮ್ಮದೇ ಕಥೆ, ಹಾಡುಗಳಿವೆ. ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಮೂರು ನಾಲ್ಕು ಮನೆಮಾತುಗಳ ಮಕ್ಕಳು ಕುಳಿತಿರುವುದು ಇಲ್ಲಿ ವಿಶೇಷವೇನಲ್ಲ. ಶಾಲೆಯ ಪುಸ್ತಕದ ಭಾಷೆ ಮಾತ್ರ ಒಂದೇ.

ಋಷ್ಯಶೃಂಗನ ಕಥೆಯ ಸಂಚಾರ

ಶೃಂಗೇರಿ ಎಂಬ ಹೆಸರು ಋಷ್ಯಶೃಂಗಗಿರಿ ಎಂಬುದರಿಂದ ಬಂದಿದೆಯೆಂಬುದು ಸ್ಥಳೀಯ ಪರಂಪರೆಯ ನಂಬಿಕೆ. ಶೃಂಗೇರಿಗೆ ಸಮೀಪದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರ ದೇವಾಲಯವಿದ್ದು, ಮಳೆಗಾಗಿ ಅಲ್ಲಿ ಪೂಜೆ ಸಲ್ಲಿಸುವ ಪದ್ಧತಿ ಇದೆ. ಶೃಂಗೇರಿ ಪೇಟೆಯ ಮಧ್ಯದ ಗುಡ್ಡದ ಮೇಲಿರುವ ಮಲಹಾನಿಕರೇಶ್ವರ ದೇವಾಲಯವನ್ನು ಋಷ್ಯಶೃಂಗನ ತಂದೆ ವಿಭಾಂಡಕ ಮುನಿಯ ನೆನಪಿನೊಂದಿಗೆ ಜೋಡಿಸಲಾಗಿದೆ.

ಕಥೆ ರಾಮಾಯಣದ ಬಾಲಕಾಂಡದಲ್ಲಿಯೂ ಮಹಾಭಾರತದ ವನಪರ್ವದಲ್ಲಿಯೂ ಬರುತ್ತದೆ. ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿ, ತಲೆಯ ಮೇಲೆ ಕೊಂಬು ಪಡೆದ ಹುಡುಗ ತಂದೆಯನ್ನು ಬಿಟ್ಟು ಬೇರೆ ಮನುಷ್ಯರನ್ನೇ ಕಾಣದೆ ಕಾಡಿನಲ್ಲಿ ಬೆಳೆಯುತ್ತಾನೆ. ಅಂಗದೇಶದಲ್ಲಿ ಮಳೆ ನಿಂತುಹೋಗುತ್ತದೆ. ಈ ಹುಡುಗ ಕಾಲಿಟ್ಟರೆ ಮಳೆ ಬರುವುದೆಂದು ತಿಳಿದ ರಾಜ ರೋಮಪಾದನು ಅವನನ್ನು ಕರೆತರಲು ಗಣಿಕೆಯರನ್ನು ಕಳುಹಿಸುತ್ತಾನೆ. ಹುಡುಗ ಅಂಗದೇಶಕ್ಕೆ ಬರುತ್ತಾನೆ, ಮಳೆಯೂ ಬರುತ್ತದೆ. ರಾಜಕುಮಾರಿ ಶಾಂತೆಯೊಂದಿಗೆ ಅವನ ವಿವಾಹವಾಗುತ್ತದೆ.

ಮೂಲದಲ್ಲಿ ಇದು ಮಕ್ಕಳ ಕಥೆಯಲ್ಲ. ತಪಸ್ಸು, ಮೋಹ ಮತ್ತು ಮಳೆಯ ನಡುವಿನ ಸಂಬಂಧವೇ ಅದರ ತಿರುಳು. ಆದರೂ ಮಕ್ಕಳಿಗೆ ಹೇಳುವವರು ಇದನ್ನು ಬಿಟ್ಟುಕೊಟ್ಟಿಲ್ಲ, ಏಕೆಂದರೆ ಕಥೆಯ ನಡುವೆ ಮಕ್ಕಳಿಗೆ ಹೇಳಿಮಾಡಿಸಿದ ಒಂದು ಸನ್ನಿವೇಶವಿದೆ. ತಂದೆ ಇಲ್ಲದ ಹೊತ್ತಿನಲ್ಲಿ ಆಶ್ರಮಕ್ಕೆ ಬಂದವರನ್ನು ಹುಡುಗ ಬೇರೊಂದು ಆಶ್ರಮದ ಬ್ರಹ್ಮಚಾರಿಗಳೆಂದೇ ಭಾವಿಸುತ್ತಾನೆ. ರಾಮಾಯಣದಲ್ಲಿ ಅವರು ಕೊಟ್ಟ ಸಿಹಿತಿಂಡಿಗಳನ್ನು ತಾನು ಕಂಡರಿಯದ ಯಾವುದೋ ಹಣ್ಣುಗಳೆಂದು ತಿನ್ನುತ್ತಾನೆ. ಮಹಾಭಾರತದಲ್ಲಿ ಚೆಂಡನ್ನೂ ಹಣ್ಣಿನಂತಹ ವಸ್ತುವೆಂದೇ ಬಗೆದು, ಅದು ನೆಲಕ್ಕೆ ಬಿದ್ದು ಮತ್ತೆ ಮೇಲಕ್ಕೆ ನೆಗೆಯುವ ಸೋಜಿಗವನ್ನು ಸಂಜೆ ಮನೆಗೆ ಬಂದ ತಂದೆಗೆ ವರ್ಣಿಸುತ್ತಾನೆ. ಲೋಕವನ್ನು ಮೊದಲ ಬಾರಿಗೆ ನೋಡುವವನ ಈ ವರ್ಣನೆ ಪ್ರಾಚೀನ ಸಾಹಿತ್ಯದಲ್ಲಿ ಮಗುವಿನ ದೃಷ್ಟಿಯನ್ನು ಹಿಡಿದಿಟ್ಟ ಅಪರೂಪದ ಭಾಗಗಳಲ್ಲಿ ಒಂದು. ಚಂದ್ರಶೇಖರ ಕಂಬಾರರ ‘ಋಷ್ಯಶೃಂಗ’ ನಾಟಕ ಈ ಕಥೆಯ ಆಶಯವನ್ನು ವಯಸ್ಕರ ರಂಗಭೂಮಿಗೆ ಬಳಸಿಕೊಂಡಿದೆ.

ಬೌದ್ಧರಲ್ಲಿ ಇದೇ ಕಥೆ ಜಾತಕಗಳಾಯಿತು. ಪಾಲಿ ಸಂಗ್ರಹದ 526ನೆಯದಾದ ನಳಿನಿಕಾ ಜಾತಕದಲ್ಲಿ ಹುಡುಗನ ಹೆಸರು ಇಸಿಸಿಂಗ. ಅವನನ್ನು ಕರೆತರಲು ಹೋಗುವವಳು ಗಣಿಕೆಯಲ್ಲ, ರಾಜಕುಮಾರಿ ನಳಿನಿಕೆಯೇ. ‘ಮಹಾವಸ್ತು’ ಎಂಬ ಸಂಸ್ಕೃತ ಬೌದ್ಧಗ್ರಂಥದಲ್ಲಿ ಅವನು ಏಕಶೃಂಗ, ಒಂದೇ ಕೊಂಬಿನವನು. ಜೈನರಲ್ಲಿ ಇದಕ್ಕೆ ಸಮಾನವಾದುದು ವಲ್ಕಲಚೀರಿಯ ಕಥೆ. ಹೇಮಚಂದ್ರನ ‘ಪರಿಶಿಷ್ಟಪರ್ವ’ದಲ್ಲಿ ಬರುವ ಈ ಕಥೆಯಲ್ಲಿ ಕಾಡಿನಲ್ಲಿ ಬೆಳೆದ ಹುಡುಗನನ್ನು ಊರಿಗೆ ಕರೆಸುವವನು ಅವನ ಅಣ್ಣನಾದ ರಾಜ ಪ್ರಸನ್ನಚಂದ್ರ. ಹೀಗೆ ವೈದಿಕ, ಬೌದ್ಧ, ಜೈನ ಎಂಬ ಮೂರು ಪರಂಪರೆಗಳೂ ಒಬ್ಬನೇ ಹುಡುಗನನ್ನು ತಮ್ಮ ತಮ್ಮ ನೀತಿಗೆ ತಕ್ಕಂತೆ ಬೆಳೆಸಿವೆ.

ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗ್ 7ನೆಯ ಶತಮಾನದಲ್ಲಿ ಗಾಂಧಾರದ ಕಡೆ ಏಕಶೃಂಗ ಋಷಿಯ ನೆಲೆಯೊಂದನ್ನು ಉಲ್ಲೇಖಿಸಿದ್ದಾನೆ. ಬೌದ್ಧಗ್ರಂಥಗಳ ಚೀನೀ ಅನುವಾದಗಳ ಮೂಲಕ ಕಥೆ ಜಪಾನನ್ನು ಮುಟ್ಟಿತು. ಅಲ್ಲಿ ಅವನ ಹೆಸರು ಇಕ್ಕಾಕು ಸೆನ್ನಿನ್, ಅಂದರೆ ಒಂದು ಕೊಂಬಿನ ತಪಸ್ವಿ. 12ನೆಯ ಶತಮಾನದ ‘ಕೊಂಜಾಕು’ ಕಥಾಸಂಗ್ರಹದಲ್ಲಿ ಅವನು ಮಳೆಯಿಂದ ಒದ್ದೆಯಾದ ಬೆಟ್ಟದ ಹಾದಿಯಲ್ಲಿ ಜಾರಿಬಿದ್ದು, ಸಿಟ್ಟಿನಿಂದ ಮಳೆ ಸುರಿಸುವ ನಾಗರಾಜರನ್ನು ಹಿಡಿದು ಹೂಜಿಯೊಳಗೆ ಕೂಡಿಹಾಕುತ್ತಾನೆ. ನಾಡಿಗೆ ಬರ ಬರುವುದು ಆ ಕಾರಣದಿಂದ. ಮಳೆಗಾಲದ ಜಾರುಹಾದಿಯನ್ನು ಬಲ್ಲ ಮಲೆನಾಡಿನ ಓದುಗರಿಗೆ ಈ ಜಪಾನೀ ಸಿಟ್ಟು ಅಪರಿಚಿತವೆನಿಸಲಾರದು. ಕೊಂಪಾರು ಜೆಂಪೊ ಎಂಬ ನಾಟಕಕಾರ ಇದನ್ನು ನೋ ನಾಟಕವನ್ನಾಗಿ ಮಾಡಿದನು, ಮುಂದೆ ಕಬುಕಿ ರಂಗಭೂಮಿಯ ‘ನಾರುಕಾಮಿ’ಯಲ್ಲಿಯೂ ಇದೇ ಕಥಾಬೀಜ ಕಾಣಿಸಿಕೊಂಡಿತು. ಕನ್ಯೆಯೊಬ್ಬಳಿಗೆ ಮಾತ್ರ ಒಲಿಯುವ ಒಂಟಿಕೊಂಬಿನ ಪ್ರಾಣಿಯ ಯೂರೋಪಿಯನ್ ಕಲ್ಪನೆಗೂ ಈ ಕಥೆಗೂ ನಂಟಿದೆಯೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ, ಆದರೆ ಅದು ಊಹೆಯಾಗಿಯೇ ಉಳಿದಿದೆ. ಜರ್ಮನ್ ವಿದ್ವಾಂಸ ಹೈನ್ರಿಖ್ ಲ್ಯೂಡರ್ಸ್ 1897ರಲ್ಲಿಯೇ ಋಷ್ಯಶೃಂಗನ ಕಥೆಯ ವಿವಿಧ ರೂಪಗಳನ್ನು ಹೋಲಿಸಿ ಅಧ್ಯಯನ ಮಾಡಿದ್ದನು.

ಶೃಂಗೇರಿಯ ಮಕ್ಕಳು ಕೇಳುವ ಇನ್ನೊಂದು ಕಥೆ ತುಂಗೆಯ ದಂಡೆಯ ಕಪ್ಪೆಶಂಕರ ಎಂಬ ಸ್ಥಳಕ್ಕೆ ಸಂಬಂಧಿಸಿದ್ದು. ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ಬಿಸಿಲು ತಾಗದಂತೆ ಸರ್ಪವೊಂದು ಹೆಡೆ ಬಿಚ್ಚಿ ನೆರಳು ನೀಡಿದ್ದನ್ನು ಕಂಡು ಶಂಕರಾಚಾರ್ಯರು ಆ ಸ್ಥಳವನ್ನು ಆರಿಸಿಕೊಂಡರೆಂಬುದು ಐತಿಹ್ಯ.

ಪಂಚತಂತ್ರದ ಕನ್ನಡ ರೂಪ

ಪ್ರಾಣಿಕಥೆಗಳ ಜಾಗತಿಕ ಪ್ರವಾಸದಲ್ಲಿ ಪಂಚತಂತ್ರದ ಹೆಸರು ಮೊದಲು ಬರುತ್ತದೆ. 6ನೆಯ ಶತಮಾನದಲ್ಲಿ ಬುರ್ಜೋಯ್ ಎಂಬ ವೈದ್ಯನು ಇದನ್ನು ಪಹ್ಲವಿ ಭಾಷೆಗೆ ತಂದನು. 8ನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಅದನ್ನು ‘ಕಲೀಲಾ ವ ದಿಮ್ನಾ’ ಎಂಬ ಹೆಸರಿನಲ್ಲಿ ಅರಬ್ಬಿಗೆ ಅನುವಾದಿಸಿದನು. ಅಲ್ಲಿಂದ ಹೀಬ್ರೂ, ಲ್ಯಾಟಿನ್, ಜರ್ಮನ್ ಭಾಷೆಗಳಿಗೆ ಹರಿದ ಈ ಕಥೆಗಳ ಋಣವನ್ನು ಫ್ರಾನ್ಸಿನ ಲಾ ಫೊಂತೇನ್ 1678ರಲ್ಲಿ ತನ್ನ ನೀತಿಕಥೆಗಳ ಎರಡನೆಯ ಸಂಗ್ರಹದಲ್ಲಿ ಒಪ್ಪಿಕೊಂಡಿದ್ದಾನೆ.

ಕನ್ನಡದಲ್ಲಿ ಪಂಚತಂತ್ರವನ್ನು ಬರೆದವನು ಕಲ್ಯಾಣ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ. ಕಾಲ ಸುಮಾರು 1031. ಅವನು ಅನುಸರಿಸಿದ್ದು ಹೆಚ್ಚು ಪ್ರಸಿದ್ಧವಾದ ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನ ಪಾಠವನ್ನು. ಗುಣಾಢ್ಯನ ಪೈಶಾಚೀ ಬೃಹತ್ಕಥೆಯಿಂದ ವಸುಭಾಗಭಟ್ಟನು ಈ ಕಥೆಗಳನ್ನು ಆರಿಸಿಕೊಂಡನೆಂದು ದುರ್ಗಸಿಂಹ ಹೇಳುತ್ತಾನೆ. ಜಾವಾ ದ್ವೀಪದ ‘ತಂತ್ರಿ ಕಾಮಂದಕ’ವೂ ಥಾಯ್ ಮತ್ತು ಲಾವೋ ಭಾಷೆಗಳ ತಂತ್ರಕಥೆಗಳೂ ಇದೇ ವಸುಭಾಗನ ಶಾಖೆಗೆ ಸೇರಿದವು. ಅಂದರೆ 11ನೆಯ ಶತಮಾನದ ಕನ್ನಡ ಪಂಚತಂತ್ರದ ಹತ್ತಿರದ ಬಂಧುಗಳು ಕಾಶ್ಮೀರದಲ್ಲಿಲ್ಲ, ಕಡಲಾಚೆ ಇದ್ದಾರೆ.

ಅಜ್ಜಿಕಥೆಗಳು

ಬರೆಹಕ್ಕಿಂತ ದೊಡ್ಡ ಭಂಡಾರ ಬಾಯಿಮಾತಿನದು. ಕನ್ನಡದಲ್ಲಿ ‘ಅಡಗೂಲಜ್ಜಿ ಕಥೆ’ ಎಂಬ ಮಾತನ್ನು ನಂಬಲಾಗದ ಹಳೆಯ ಕಥೆ ಎಂಬ ಅರ್ಥದಲ್ಲಿ ಹಗುರವಾಗಿ ಬಳಸುವುದುಂಟು. ವಿದ್ವಾಂಸರು ಈ ಕಥೆಗಳನ್ನು ಹಾಗೆ ಕಾಣಲಿಲ್ಲ. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಜನಪದ ಕಥೆಗಳನ್ನು ಮಾದರಿಗಳಾಗಿ ವಿಂಗಡಿಸಿದನು. ಆ ಪಟ್ಟಿಯನ್ನು ಸ್ಟಿತ್ ಥಾಂಪ್ಸನ್ ಮುಂದೆ ವಿಸ್ತರಿಸಿದನು. ಅದರಿಂದಾಗಿ ಕನ್ನಡ ಹಳ್ಳಿಯೊಂದರ ಕಥೆಯನ್ನು ಚೀನಾ ಅಥವಾ ಇಟಲಿಯ ಕಥೆಯ ಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು.

ಎ.ಕೆ. ರಾಮಾನುಜನ್ ಅವರು ಈ ಕೆಲಸವನ್ನು ಕನ್ನಡಕ್ಕೆ ಮಾಡಿದರು. ‘ಹಂಚಿ’ ಎಂಬ ಕನ್ನಡ ಕಥೆಯ ಬಗೆಗಿನ ಅವರ ಲೇಖನವು ಅಲನ್ ಡಂಡಿಸ್ 1982ರಲ್ಲಿ ಸಂಪಾದಿಸಿದ ಸಿಂಡ್ರೆಲಾ ಅಧ್ಯಯನಗಳ ಸಂಪುಟದಲ್ಲಿದೆ. ಈ ಕಥೆಯ ನಾಯಕಿ ಮನೆ ಬಿಟ್ಟು ಹೋಗಬೇಕಾಗಿ ಬಂದಾಗ ತಾಯಿ ಅವಳ ಮುಖ ಮುಚ್ಚಲು ಮಣ್ಣಿನ ಮುಖವಾಡ ಮಾಡಿಕೊಡುತ್ತಾಳೆ. ಹೆಂಚಿನ ಮುಖದವಳಾದುದರಿಂದ ಜನ ಅವಳನ್ನು ಹಂಚಿ ಎಂದು ಕರೆಯುತ್ತಾರೆ. ಸಿಂಡ್ರೆಲಾ ಮಾದರಿಯ ಕಥೆಯನ್ನು ಚೀನಾದಲ್ಲಿ 9ನೆಯ ಶತಮಾನದಲ್ಲಿ ದುವಾನ್ ಚೆಂಗ್‌ಷಿ ಬರೆದಿಟ್ಟಿದ್ದನು. ಫ್ರಾನ್ಸಿನಲ್ಲಿ ಪೆರೋನ ರೂಪ 1697ರದು, ಜರ್ಮನಿಯಲ್ಲಿ ಗ್ರಿಮ್ ಸಹೋದರರದು 1812ರದು. ಫ್ರೆಂಚ್ ಕಥೆ ಮದುವೆಯೊಂದಿಗೆ ಮುಗಿಯುತ್ತದೆ. ಹಂಚಿಯ ಕಥೆ ಮದುವೆಯಲ್ಲಿ ನಿಲ್ಲದೆ, ಆಮೇಲಿನ ಅವಳ ಕಷ್ಟವನ್ನೂ ಅದರಿಂದ ಪಾರಾದ ಬಗೆಯನ್ನೂ ಹೇಳುತ್ತದೆ. ಹೆಣ್ಣಿನ ಬಾಳಿಗೆ ಮದುವೆಯೇ ಕೊನೆಯ ಅಧ್ಯಾಯವಲ್ಲವೆಂಬುದು ಹೇಳುವ ಅಜ್ಜಿಯರಿಗೆ ತಿಳಿದಿತ್ತು.

ಕಾಗಕ್ಕ ಗುಬ್ಬಕ್ಕನ ಕಥೆಯೂ ಇಂತಹುದೇ. ಕಾಗೆಯ ಮನೆ ಮಳೆಗೆ ಕರಗಿಹೋಗುತ್ತದೆ, ಗುಬ್ಬಿಯ ಮನೆ ನಿಲ್ಲುತ್ತದೆ. ಕಾಗೆ ಬಂದು ಬಾಗಿಲು ತಟ್ಟಿದಾಗ ಗುಬ್ಬಿ ಒಂದಲ್ಲ ಒಂದು ಮನೆಗೆಲಸದ ನೆಪ ಹೇಳುತ್ತದೆ. ಮರಾಠಿಯಲ್ಲಿ ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಮೇಣದ ಮನೆ. ಇಂಗ್ಲಿಷಿನ ಮೂರು ಹಂದಿಮರಿಗಳ ಕಥೆಯಲ್ಲಿಯೂ ಮನೆಯ ಗಟ್ಟಿತನವೇ ಪ್ರಶ್ನೆ. ಆದರೆ ಅಲ್ಲಿ ಅಪಾಯ ತೋಳದಿಂದ, ಇಲ್ಲಿ ಮಳೆಯಿಂದ.

‘ಗೋವಿನ ಹಾಡು’ ಎಂದು ಪ್ರಸಿದ್ಧವಾದ ಪುಣ್ಯಕೋಟಿಯ ಕಥೆಯಲ್ಲಿ ಹುಲಿಗೆ ಮಾತು ಕೊಟ್ಟ ಹಸು ಕರುವಿಗೆ ಹಾಲುಣಿಸಿ ಮರಳಿ ಬರುತ್ತದೆ. ಬೇಟೆಗಾರನ ಬಲೆಗೆ ಸಿಕ್ಕ ಜಿಂಕೆಯು ಮರಿಗಳಿಗೆ ಹಾಲುಣಿಸಿ ಬರುವೆನೆಂದು ಕೇಳಿಕೊಳ್ಳುವ, ಪ್ರವಾದಿ ಮುಹಮ್ಮದರು ಅದಕ್ಕೆ ಹೊಣೆಯಾಗುವ ಕಥೆ ಮುಸ್ಲಿಂ ಪರಂಪರೆಯಲ್ಲಿ ಪ್ರಚಲಿತವಾಗಿದೆ. ಒಂದೇ ಕೇರಿಯ ಎರಡು ಮನೆಗಳ ಮಕ್ಕಳು ಒಂದೇ ಆಶಯದ ಕಥೆಯನ್ನು ಎರಡು ಹೆಸರುಗಳಲ್ಲಿ ಕೇಳಿ ಬೆಳೆದಿರುವ ಸಾಧ್ಯತೆ ಇದೆ. ಪಠ್ಯಗಳಲ್ಲಿ ಈ ಎರಡನ್ನೂ ಜೊತೆಯಾಗಿ ಇಟ್ಟಿದ್ದರೆ ಮಕ್ಕಳಿಗೆ ಲಾಭವೇ ಆಗುತ್ತಿತ್ತು.

ಬೊಮ್ಮನಹಳ್ಳಿಯ ಕಿಂದರಿಜೋಗಿ

ಕುವೆಂಪು ಅವರು 1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಅವರಿಗೆ ಕನ್ನಡದಲ್ಲಿ ಬರೆಯಲು ಸೂಚಿಸಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್.

ಅವರ ಶಿಶುಸಾಹಿತ್ಯದಲ್ಲಿ ಅತ್ಯಂತ ಜನಪ್ರಿಯವಾದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಎಂಬ ಕಥನಕವನಕ್ಕೆ ಪ್ರೇರಣೆ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಹ್ಯಾಮೆಲಿನ್ ನಗರದ ಬಣ್ಣದಂಗಿಯ ಕೊಳಲುಗಾರನ ಕವಿತೆ. ಬ್ರೌನಿಂಗನ ವಸ್ತುವೂ ಅವನ ಸ್ವಂತದ್ದಲ್ಲ. 1284ರಲ್ಲಿ ಹ್ಯಾಮೆಲಿನ್‌ನಿಂದ 130 ಮಕ್ಕಳು ಕಾಣೆಯಾದರೆಂಬ ಜರ್ಮನ್ ಐತಿಹ್ಯಕ್ಕೆ ಇಲಿಗಳ ಪ್ರಸಂಗ ಆಮೇಲೆ ಸೇರಿಕೊಂಡಿತು. ಗ್ರಿಮ್ ಸಹೋದರರು 1816ರಲ್ಲಿ ಅದನ್ನು ತಮ್ಮ ಐತಿಹ್ಯಗಳ ಸಂಗ್ರಹದಲ್ಲಿ ದಾಖಲಿಸಿದರು. ಹೀಗೆ ಜರ್ಮನಿಯಿಂದ ಇಂಗ್ಲೆಂಡಿಗೆ, ಅಲ್ಲಿಂದ ಮಲೆನಾಡಿಗೆ ಕಥೆ ಬಂದಿತು.

ಕುವೆಂಪು ಮಾಡಿದ ಬದಲಾವಣೆಗಳು ಹೆಸರುಗಳಿಗೆ ಸೀಮಿತವಲ್ಲ. ವೇಸರ್ ನದಿಯ ಜಾಗದಲ್ಲಿ ಶೃಂಗೇರಿಯನ್ನು ಹಾದುಬರುವ ತುಂಗೆ ಹರಿಯುತ್ತದೆ. ನಗರಾಧ್ಯಕ್ಷನ ಸ್ಥಾನದಲ್ಲಿ ಊರಗೌಡನಿದ್ದಾನೆ. ಕೊಳಲುಗಾರನು ಜೋಗಿಯಾಗಿದ್ದಾನೆ. ಈ ಕೊನೆಯ ಬದಲಾವಣೆ ಬಹಳ ಮುಖ್ಯವಾದುದು. ಯೂರೋಪಿನ ಕೊಳಲುಗಾರ ಯಾವ ಸಮಾಜಕ್ಕೂ ಸೇರದ ವಿಚಿತ್ರ ಅಪರಿಚಿತ. ಜೋಗಿಯಾದರೋ ಕನ್ನಡ ಹಳ್ಳಿಗಳಿಗೆ ಚಿರಪರಿಚಿತನು. ನಾಥಪಂಥದ ನೆನಪನ್ನು ಹೊತ್ತು, ಕಿನ್ನರಿ ನುಡಿಸಿ ಹಾಡಿ ಭಿಕ್ಷೆ ಬೇಡುವವನು ಅವನು. ಮಂಗಳೂರಿನ ಕದ್ರಿ ಆ ಪಂಥದ ಪ್ರಾಚೀನ ಕೇಂದ್ರಗಳಲ್ಲಿ ಒಂದು. ಕಿಂದರಿ ಎಂಬುದು ಕಿನ್ನರಿಯ ಆಡುರೂಪ, ತಂತಿಯ ವಾದ್ಯ. ಬಂದ ಜೋಗಿಗೆ ಕೊಟ್ಟ ಮಾತನ್ನು ಗೌಡ ತಪ್ಪಿದಾಗ ಅದು ಬಾಡಿಗೆಯ ವ್ಯವಹಾರದಲ್ಲಿನ ಮೋಸವಾಗಿ ಮಾತ್ರ ಉಳಿಯುವುದಿಲ್ಲ. ಮನೆಬಾಗಿಲಿಗೆ ಬಂದವನನ್ನು ವಂಚಿಸಿದ ಪಾಪವೂ ಅದಕ್ಕೆ ಸೇರಿಕೊಳ್ಳುತ್ತದೆ. ಮಕ್ಕಳು ಆಡಿ ಕುಣಿಯಬಹುದಾದ ಲಯದಲ್ಲಿ ರಚಿತವಾದ ಈ ಕವನವನ್ನು ಶಾಲೆಗಳಲ್ಲಿ ನೃತ್ಯರೂಪಕವಾಗಿ, ನಾಟಕವಾಗಿ ಆಡಿಸುತ್ತ ಬರಲಾಗಿದೆ. ಮೂಲ ಹೊರಗಿನದೆಂಬುದು ಆಡುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ರೂಪಾಂತರದ ಯಶಸ್ಸಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಅವರ ‘ಹಾಳೂರು’ 1770ರಲ್ಲಿ ಪ್ರಕಟವಾದ ಆಲಿವರ್ ಗೋಲ್ಡ್‌ಸ್ಮಿತ್‌ನ ಪಾಳುಬಿದ್ದ ಹಳ್ಳಿಯ ಕವಿತೆಯಿಂದ ಪ್ರೇರಿತವಾದುದು. ‘ನನ್ನ ಗೋಪಾಲ’ ನಾಟಕದ ವಸ್ತು ರಾಮಕೃಷ್ಣ ಪರಮಹಂಸರು ಹೇಳುತ್ತಿದ್ದ ಬಂಗಾಳದ ಕಥೆ.

ಪಂಜೆ ಮಂಗೇಶರಾಯರು ಮತ್ತು ಕರಾವಳಿ

ಘಟ್ಟದ ಕೆಳಗೆ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು (1874–1937) ಆಧುನಿಕ ಕನ್ನಡ ಶಿಶುಸಾಹಿತ್ಯದ ಪ್ರವರ್ತಕರು. ಅವರ ಮನೆಮಾತು ಕೊಂಕಣಿ, ಸುತ್ತಣ ಮಾತು ತುಳು, ಬರೆದದ್ದು ಕನ್ನಡ. ತುಳು ಪಾಡ್ದನಗಳ ವೀರರಾದ ಕೋಟಿ ಚೆನ್ನಯರ ಕಥೆಯನ್ನು ಅವರು ಕನ್ನಡ ಗದ್ಯಕ್ಕೆ ತಂದರು. ಕೊಡಗಿನಲ್ಲಿ ಕೆಲಸ ಮಾಡಿದ ಅವಧಿಯ ನೆನಪು ‘ಹುತ್ತರಿ ಹಾಡು’ ಎಂಬ ಅವರ ಕವಿತೆಯಲ್ಲಿದೆ. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳಿಗಾಗಿ ಪುಸ್ತಕಗಳನ್ನು ಹೊರತರುವುದರಲ್ಲಿ ಅವರು ಮುಂದಾಳುವಾಗಿದ್ದರು. ಪಕ್ಕದ ಭಾಷೆಯೊಂದರ ನಾಯಕರು ಕನ್ನಡ ಮಕ್ಕಳ ಓದಿಗೆ ಬಂದದ್ದು ಆ ಕಾಲಕ್ಕೆ ದೊಡ್ಡ ಹೆಜ್ಜೆ. ಮುಂದಿನ ಪೀಳಿಗೆಗಳು ಅದನ್ನು ಅಷ್ಟೇ ಉತ್ಸಾಹದಿಂದ ಮುಂದುವರಿಸಲಿಲ್ಲ.

ಅವರ ನಂತರ, ತಮಿಳು ಮೂಲದ ಕುಟುಂಬದಿಂದ ಬಂದ ಜಿ.ಪಿ. ರಾಜರತ್ನಂ ಅವರು ‘ತುತ್ತೂರಿ’ಯಂತಹ ಶಿಶುಗೀತೆಗಳ ಜೊತೆಗೆ ಬೌದ್ಧ ಮತ್ತು ಜೈನ ಕಥೆಗಳನ್ನೂ ಕಿರಿಯರಿಗೆ ಒದಗಿಸಿದರು. ಶಿವರಾಮ ಕಾರಂತರು 1930ರ ದಶಕದಲ್ಲಿ ‘ಬಾಲಪ್ರಪಂಚ’ದ ಸಂಪುಟಗಳ ಮೂಲಕ ಹೊರದೇಶಗಳ ಜನಜೀವನವನ್ನೂ ವಿಜ್ಞಾನವನ್ನೂ ಕನ್ನಡದಲ್ಲಿ ಪರಿಚಯಿಸಿದರು.

ಪತ್ರಿಕೆ, ಚಿತ್ರಕಥೆ ಮತ್ತು ಅನುವಾದ

1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾದ ‘ಚಂದಮಾಮ’ ಅನಂತರ ಕನ್ನಡದಲ್ಲಿಯೂ ಬಂದು ಬೇತಾಳಕಥೆಗಳನ್ನು ಮನೆಮಾತಾಗಿಸಿತು. ಭಾರತೀಯ ಪುರಾಣಗಳಿಗೆ ಹೆಸರಾದ ‘ಅಮರ ಚಿತ್ರ ಕಥೆ’ ಆರಂಭವಾದದ್ದು ಪುರಾಣಗಳಿಂದಲ್ಲ. 1965ರ ಸುಮಾರಿಗೆ ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಹೊರಬಂದ ಮೊದಲ ಸಂಚಿಕೆಗಳು ಪಾಶ್ಚಾತ್ಯ ಕಿನ್ನರಕಥೆಗಳ ಕನ್ನಡ ರೂಪಗಳಾಗಿದ್ದವು.

ಸೋವಿಯತ್ ಒಕ್ಕೂಟದಲ್ಲಿ ಕನ್ನಡದಲ್ಲಿಯೇ ಅಚ್ಚಾಗಿ ನವಕರ್ನಾಟಕ ಪ್ರಕಾಶನದ ಮೂಲಕ ಮಾರಾಟವಾಗುತ್ತಿದ್ದ ಮಕ್ಕಳ ಪುಸ್ತಕಗಳು ಒಂದು ಪೀಳಿಗೆಗೆ ರಷ್ಯಾದ ಹಿಮವನ್ನೂ ಕರಡಿಗಳನ್ನೂ ಕಡಿಮೆ ಬೆಲೆಗೆ ತೋರಿಸಿದವು. ಆ ಒಕ್ಕೂಟ 1991ರಲ್ಲಿ ವಿಸರ್ಜನೆಗೊಂಡ ಬಳಿಕ ಅವುಗಳ ಪೂರೈಕೆ ನಿಂತಿತು. ಜಪಾನಿನ ತೆತ್ಸುಕೊ ಕುರೊಯಾನಗಿಯವರ ‘ತೊತ್ತೊ ಚಾನ್’ ಕನ್ನಡದಲ್ಲಿ ಶಿಕ್ಷಕರೂ ಮಕ್ಕಳೂ ಓದಿದ ಪುಸ್ತಕ. ವೈದೇಹಿಯವರ ‘ಧಾಂ ಧೂಂ ಸುಂಟರಗಾಳಿ’ ಶೇಕ್ಸ್‌ಪಿಯರನ ನಾಟಕವೊಂದರ ಮಕ್ಕಳ ರೂಪ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ‘ಸ್ಟೋರಿವೀವರ್’ ಎಂಬ ಜಾಲತಾಣವನ್ನು ಆರಂಭಿಸಿ, ಹಲವು ಭಾಷೆಗಳ ಮಕ್ಕಳ ಕಥೆಗಳನ್ನು ಮುಕ್ತ ಪರವಾನಗಿಯಲ್ಲಿ ಒದಗಿಸುತ್ತಿದೆ. ಯಾರು ಬೇಕಾದರೂ ಅವುಗಳನ್ನು ತಮ್ಮ ಭಾಷೆಗೆ ಅನುವಾದಿಸಬಹುದು.

ಪ್ರಾತಿನಿಧ್ಯದ ಪ್ರಶ್ನೆ

ಹೊರಗಿನಿಂದ ಕಥೆ ಬರುವುದು ಬೇರೆ, ಒಳಗಿನ ಎಲ್ಲರೂ ಕಥೆಯಲ್ಲಿ ಇರುವುದು ಬೇರೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಗೌಡರು, ಹೊಲೆಯರು, ಬಿಲ್ಲವರು, ಸಾಬರು, ಕ್ರೈಸ್ತ ಉಪದೇಶಿ ಎಲ್ಲರೂ ಇದ್ದಾರೆ. ಮಲೆನಾಡಿನ ಇಂತಹ ತುಂಬು ಚಿತ್ರ ಮಕ್ಕಳ ಪುಸ್ತಕಗಳಲ್ಲಿ ವಿರಳ. ತೋಟದ ಲೈನಿನ ತಮಿಳು ಹುಡುಗಿ, ಮಲೆಕುಡಿಯರ ಹುಡುಗ, ಕೊಪ್ಪ ಪೇಟೆಯ ಬ್ಯಾರಿ ಮನೆಯ ಮಗು ಕಥೆಯ ಕೇಂದ್ರದಲ್ಲಿ ನಿಲ್ಲುವ ಸಂದರ್ಭಗಳು ಕಡಿಮೆ. ಬಂದರೂ ಹಬ್ಬದ ಪಾಠದಲ್ಲಿ, ಬಣ್ಣದ ಉಡುಗೆಯಲ್ಲಿ ಬಂದುಹೋಗುವುದೇ ಹೆಚ್ಚು.

ಈ ದಿಸೆಯಲ್ಲಿ ಬೊಳುವಾರು ಮಹಮದ್ ಕುಂಞಿ ಅವರ ಕೆಲಸ ಗಮನಾರ್ಹವಾದುದು. ಕನ್ನಡದ ಕಥಾಸಾಹಿತ್ಯಕ್ಕೆ ಕರಾವಳಿಯ ಮುಸ್ಲಿಂ ಬದುಕನ್ನು ತಂದ ಅವರು ಮಕ್ಕಳ ಹಾಡುಗಳ ‘ತಟ್ಟು ಚಪ್ಪಾಳೆ ಪುಟ್ಟ ಮಗು’ ಸಂಕಲನವನ್ನು ಸಂಪಾದಿಸಿದರು. ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು.

ಬಾಯಿಮಾತಿನ ಕಥೆಗಳ ಸ್ಥಿತಿ ಹೆಚ್ಚು ನಾಜೂಕಾಗಿದೆ. ಹೇಳುವ ಹಿರಿಯರೊಂದಿಗೆ ಅವು ಹೊರಟುಹೋಗುತ್ತವೆ. ರಾಮಾನುಜನ್ ದಾಖಲಿಸಿದ ಕನ್ನಡ ಕಥೆಯೊಂದರಲ್ಲಿ, ಒಂದು ಕಥೆಯನ್ನೂ ಒಂದು ಹಾಡನ್ನೂ ಬಲ್ಲ ಹೆಂಗಸು ಅವನ್ನು ಯಾರಿಗೂ ಹೇಳದೆ ಇಟ್ಟುಕೊಳ್ಳುತ್ತಾಳೆ. ಉಸಿರುಕಟ್ಟಿದ ಕಥೆ ಮತ್ತು ಹಾಡು ಅವಳ ಬಾಯಿಂದ ತಪ್ಪಿಸಿಕೊಂಡು ಜೋಡಾಗಿ, ಅಂಗಿಯಾಗಿ ಜಗಲಿಯಲ್ಲಿ ಕಾಣಿಸಿಕೊಂಡು ಗಂಡಹೆಂಡಿರ ನಡುವೆ ಜಗಳ ತಂದಿಡುತ್ತವೆ. ಗಿರೀಶ ಕಾರ್ನಾಡರು ‘ನಾಗಮಂಡಲ’ದಲ್ಲಿ (1988) ಈ ಆಶಯವನ್ನು ಬಳಸಿಕೊಂಡಿದ್ದಾರೆ.

ತುಳು ಮತ್ತು ಕೊಂಕಣಿಗಳಿಗೆ 1994ರಲ್ಲಿ, ಬ್ಯಾರಿಗೆ 2009ರಲ್ಲಿ ಕರ್ನಾಟಕ ಸರ್ಕಾರವು ಸಾಹಿತ್ಯ ಅಕಾಡೆಮಿಗಳನ್ನು ಸ್ಥಾಪಿಸಿತು. 2010ರ ಸುಮಾರಿಗೆ ತುಳುವನ್ನು ಕರಾವಳಿ ಜಿಲ್ಲೆಗಳ ಕೆಲವು ಶಾಲೆಗಳಲ್ಲಿ ಆರನೆಯ ತರಗತಿಯಿಂದ ತೃತೀಯ ಭಾಷೆಯಾಗಿ ಕಲಿಸುವ ವ್ಯವಸ್ಥೆ ಬಂದಿತು. ಮಗು ಕಥೆ ಕೇಳುವ ವಯಸ್ಸು ಅದಕ್ಕೂ ಮೊದಲಿನದು. ಕರ್ನಾಟಕದಲ್ಲಿ ಈ ಮೂರು ಭಾಷೆಗಳನ್ನೂ ಬಹುಮಟ್ಟಿಗೆ ಕನ್ನಡ ಲಿಪಿಯಲ್ಲಿಯೇ ಬರೆಯಲಾಗುತ್ತಿದೆ. ಆದುದರಿಂದ ಕನ್ನಡ ಓದಲು ಕಲಿತ ಮಲೆನಾಡಿನ ಮಗು ಬೇರೆ ಅಕ್ಷರಮಾಲೆಯನ್ನು ಕಲಿಯದೆಯೇ ತನ್ನ ಮನೆಮಾತಿನ ಕಥೆಯನ್ನು ಓದಬಲ್ಲದು. ಒಂದೇ ಪುಟದಲ್ಲಿ ಕನ್ನಡವನ್ನೂ ತುಳುವನ್ನೂ, ಅಥವಾ ಕನ್ನಡವನ್ನೂ ಬ್ಯಾರಿಯನ್ನೂ ಅಚ್ಚುಮಾಡುವ ದ್ವಿಭಾಷಾ ಪುಸ್ತಕಗಳಿಗೆ ಲಿಪಿಯ ತೊಡಕಿಲ್ಲ.